ಮಾರಿಷಸ್‌ಗೆ ಹೋಗುವವರಿಗೆ: ಪೋರ್ಟ್ ಲೂಯಿಗೆ ಒಂದು ದಿನ ಇಟ್ಟುಕೊಳ್ಳಿ

ಮಾರಿಷಸ್‌ಗೆ ಹೋದ ನಮ್ಮವರಲ್ಲಿ ಎಷ್ಟೋ ಜನ ರಾಜಧಾನಿ ಪೋರ್ಟ್ ಲೂಯಿಯ ಆಪ್ರವಾಸಿ ಘಾಟ್ ನೋಡಿ, ಫೋಟೋ ತೆಗೆದು ಬೀಚ್‌ಗೆ ಹೊರಡುತ್ತಾರೆ. 1834ರಿಂದ ಭಾರತದ ಕೂಲಿಗಳು ಬಂದಿಳಿದ ಜಾಗ ಅದು, ನೋಡಲೇಬೇಕು. ಆದರೆ ಮೊದಲು ಅದರ ಹತ್ತಿರವೇ ಇರುವ ಗುಲಾಮಗಿರಿ ಮ್ಯೂಸಿಯಂಗೆ ಹೋಗಿ. ಘಾಟಿನ ಕಥೆಗೆ ಬೇರು ಅಲ್ಲಿದೆ. ಭಾನುವಾರ ಘಾಟ್ ಮುಚ್ಚಿರುತ್ತದೆ, ವಾರದ ದಿನವೇ ಒಳ್ಳೆಯದು.

ಈ ದ್ವೀಪದಲ್ಲಿ ಮೂಲನಿವಾಸಿಗಳೇ ಇರಲಿಲ್ಲ. 1638ರಲ್ಲಿ ನೆಲೆಯೂರಿದ ಡಚ್ಚರು ಮಡಗಾಸ್ಕರ್‌ನಿಂದ ಗುಲಾಮರನ್ನು ತಂದರು. ನಂತರ ಬಂದ ಫ್ರೆಂಚರು ರಸ್ತೆ, ಬಂದರು, ತೋಟ ಎಲ್ಲವನ್ನೂ ಗುಲಾಮರಿಂದಲೇ ಮಾಡಿಸಿದರು. ಹೆಚ್ಚಿನವರು ಮಡಗಾಸ್ಕರ್, ಮೊಜಾಂಬಿಕ್ ಕಡೆಯವರು. ಬಂಗಾಳ ಮತ್ತು ದಕ್ಷಿಣ ಭಾರತದ ಕರಾವಳಿಯಿಂದ ಮಾರಾಟವಾಗಿ ಬಂದವರೂ ಇದ್ದರು. ಇದು ನಮಗೆ ಯಾರೂ ಹೇಳಿಕೊಟ್ಟಿಲ್ಲ, ಅಲ್ವಾ? 1723ರ ಫ್ರೆಂಚ್ ಕಾನೂನಿನ ಪ್ರಕಾರ ಗುಲಾಮ ಅಂದರೆ ಮಾಲೀಕನ ಚರಾಸ್ತಿ.

ಕಬ್ಬು ಎಲ್ಲ ಕಡೆ ಹಬ್ಬಿದ್ದು ಬ್ರಿಟಿಷರ ಕಾಲದಲ್ಲಿ. 1825ರಲ್ಲಿ ಲಂಡನ್ ಇಲ್ಲಿನ ಸಕ್ಕರೆಯ ಸುಂಕ ಇಳಿಸಿತು, ತೋಟಗಳು ಬೆಳೆದವು. 1835ರ ಫೆಬ್ರವರಿ 1ರಂದು ಗುಲಾಮಗಿರಿ ರದ್ದಾಯಿತು. ಪರಿಹಾರ ಸಿಕ್ಕಿದ್ದು ಮಾಲೀಕರಿಗೆ, 20 ಲಕ್ಷ ಪೌಂಡ್‌ಗೂ ಜಾಸ್ತಿ. ಬಿಡುಗಡೆಯಾದವರಿಗೆ ಒಂದು ಕಾಸೂ ಇಲ್ಲ. ಮೇಲಾಗಿ ತರಬೇತಿಯ ಹೆಸರಿನಲ್ಲಿ 1839ರವರೆಗೆ ಅದೇ ಮಾಲೀಕರಿಗೆ ದುಡಿಸಿದರು. ಇದನ್ನು ತಿಳಿದು ಘಾಟಿನ ಮೆಟ್ಟಿಲ ಬಳಿ ನಿಂತರೆ, ಗುಲಾಮರ ಜಾಗದಲ್ಲಿ ಕಬ್ಬಿನ ತೋಟಕ್ಕೆ ದುಡಿಯಲು ಭಾರತದಿಂದ ಸುಮಾರು ನಾಲ್ಕೂವರೆ ಲಕ್ಷ ಜನರನ್ನು ಯಾಕೆ ಕರೆತಂದರು ಎಂಬುದು ಅರ್ಥವಾಗುತ್ತದೆ.

ಇನ್ನೊಂದು ದಿನ ನೈಋತ್ಯ ತುದಿಯ ಲೆ ಮೋರ್ನ್‌ಗೆ ಇಡಿ. ತೋಟಗಳಿಂದ ತಪ್ಪಿಸಿಕೊಂಡ ಗುಲಾಮರು ಅಡಗುತ್ತಿದ್ದ 556 ಮೀಟರ್ ಎತ್ತರದ ಬೆಟ್ಟ. ಬೆಳಗ್ಗೆ ಬೇಗ ಹೊರಡಿ, ನೀರು ಜಾಸ್ತಿ ಇರಲಿ. ಮೇಲಿನ ಭಾಗದಲ್ಲಿ ಬಂಡೆ ಹಿಡಿದು ಹತ್ತಬೇಕು, ಗೈಡ್ ಬೇಕೇ ಬೇಕು. ಮಳೆ ಬಂದಿದ್ದರೆ ಹತ್ತಬೇಡಿ. ಹತ್ತಲಾಗದ ಹಿರಿಯರಿಗೆ ಬೆಟ್ಟದ ಬುಡದಲ್ಲಿ ಗುಲಾಮರ ಸ್ಮಾರಕವಿದೆ. ಫೆಬ್ರವರಿ 1ಕ್ಕೆ ಅಲ್ಲಿ ಕಾರ್ಯಕ್ರಮ ನಡೆಯುತ್ತದೆ, ಆದರೆ ಅದು ಚಂಡಮಾರುತದ ಕಾಲ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಹವಾಮಾನ ಹಿತ.