ಲೇಹ್ ದಾರಿಗೆ ಗಾಡಿ ಹುಡುಕಿದ ಕಥೆ

ಮನಾಲಿಯಿಂದ ಲೇಹ್‌ಗೆ ಹೋಗಿ, ಹಿಂದಿರುಗುವಾಗ ಲಡಾಖಿನ ಝಂಸ್ಕಾರದ ಪದುಮ್ ಮತ್ತು ಶಿಂಕು ಲಾ ಕಣಿವೆಮಾರ್ಗದ ಮೂಲಕ ಇಳಿಯಬೇಕೆಂದು ನಿಶ್ಚಯಿಸಿದ ಮೇಲೆ ನಾನು ಆರು ತಿಂಗಳು ಗಾಡಿ ಹುಡುಕುವುದರಲ್ಲೇ ಕಳೆದೆ. ಅಷ್ಟು ಹಿಂದೆಮುಂದೆ ನೋಡಲು ಕಾರಣ, ಹಿಂದೊಮ್ಮೆ ಹಿಮಾಚಲದ ಸ್ಪಿತಿಯಲ್ಲಿ ಆದ ಅನುಭವ. ಸ್ನೇಹಿತರ ಹೊಚ್ಚಹೊಸ ಎಸ್‌ಯುವಿಯಲ್ಲಿ ಕುಂಜುಮ್ ಕಣಿವೆಮಾರ್ಗ ದಾಟಿ ಲೋಸರ್ ಸಮೀಪಿಸುತ್ತಿದ್ದಾಗ ಎಚ್ಚರಿಕೆಯ ದೀಪ ಹೊತ್ತಿಕೊಂಡು ಎಂಜಿನ್ ಸೊರಗಿತು. ಕಾಜಾದ ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ, ಇದಕ್ಕೆ ಕಂಪ್ಯೂಟರ್ ಬೇಕು ಎಂದು ಕೈಚೆಲ್ಲಿದರು. ಲಾರಿಯ ಮೇಲೆ ಹೇರಿಸಿ ಮನಾಲಿಗೆ ತಲುಪಿಸಿದ ಬಳಿಕ ಗೊತ್ತಾಯಿತು, ಕಲ್ಲು ತಾಗಿ ಸೆನ್ಸರ್ ಒಂದರ ವೈರ್ ಹರಿದಿತ್ತು, ಅಷ್ಟೆ. ನಾವು ದಾರಿಬದಿ ಕುಳಿತಿದ್ದ ಹೊತ್ತಿನಲ್ಲಿ ಬಟಾಣಿ ಮೂಟೆ ಹೊತ್ತ ಮಹೀಂದ್ರಾ ಪಿಕಪ್ ಗಾಡಿಗಳಾದ ಬೊಲೆರೊ ಕ್ಯಾಂಪರ್‌ಗಳು ಒಂದರ ಹಿಂದೊಂದು ದಾಟಿ ಹೋಗಿದ್ದನ್ನು ನಾನು ಮರೆತಿಲ್ಲ.

ಆದ್ದರಿಂದ ಈ ಸಲ ಕೇಳಿಕೊಂಡ ಪ್ರಶ್ನೆ, ಯಾವ ಗಾಡಿ ಕೆಡುವುದಿಲ್ಲ ಎಂಬುದಲ್ಲ, ಕೆಟ್ಟರೆ ಅಲ್ಲೇ ಯಾವುದನ್ನು ಸರಿಮಾಡಬಹುದು ಎಂಬುದು. ಆಸ್ಟ್ರೇಲಿಯಾದ ಒಳನಾಡಿನಲ್ಲಿಯೂ ಆಫ್ರಿಕಾದಲ್ಲಿಯೂ 1984ರಿಂದ ಓಡುತ್ತಿರುವ ಟೊಯೊಟಾ ಲ್ಯಾಂಡ್ ಕ್ರೂಸರ್ 70 ಸರಣಿಯ ಹೆಸರು ಉಳಿದಿರುವುದಕ್ಕೂ ಇದೇ ಕಾರಣವಿರಬೇಕು. ಅದನ್ನು ನಮ್ಮಲ್ಲಿ ಶೋರೂಮಿಗೆ ಹೋಗಿ ಕೊಳ್ಳುವಂತಿಲ್ಲವಾದ್ದರಿಂದ ಆ ಆಸೆ ಅಲ್ಲಿಗೇ ಮುಗಿಯಿತು.

ಮೊದಲು ಮನಸ್ಸು ಹೋದದ್ದು ಮಾರುತಿ ಜಿಪ್ಸಿಯ ಕಡೆಗೆ. ಒಂದು ಟನ್ನಿನ ಆಸುಪಾಸಿನ ತೂಕ, ನಿಧಾನವಾಗಿ ಹೆಚ್ಚು ಬಲ ಕೊಡುವ ಲೋ ಗೇರ್ ಇರುವ ನಾಲ್ಕು ಚಕ್ರಗಳ ಚಾಲನೆ, ಸೇನೆಯಲ್ಲಿ ದಶಕಗಳ ಸೇವೆ: ಹಗುರವಾದ ಗಾಡಿ ಕೆಸರಿನಲ್ಲಿ ಹೂತುಕೊಳ್ಳುವುದು ಕಡಿಮೆ, ಹೂತರೂ ನಾಲ್ಕು ಜನ ಸೇರಿ ಎತ್ತಬಹುದು. ಆದರೆ ಲೆಕ್ಕ ಹಾಕಿದಾಗ ಎರಡು ತೊಡಕು ಕಂಡವು. ಕೇಲಾಂಗ್ ಬಳಿಯ ತಂಡಿ ಬಂಕ್‌ನಲ್ಲಿ ಮುಂದಿನ ಬಂಕ್ 365 ಕಿ.ಮೀ. ದೂರ ಎಂಬ ಪ್ರಸಿದ್ಧ ಫಲಕವಿದೆ. ಏರುದಾರಿಯಲ್ಲಿ ಲೀಟರಿಗೆ ಒಂಬತ್ತು ಕಿ.ಮೀ. ಸಿಕ್ಕರೂ 40 ಲೀಟರ್‌ಗಿಂತ ಹೆಚ್ಚು ಬೇಕು, ಜಿಪ್ಸಿಯ ಟ್ಯಾಂಕ್ ಹಿಡಿಯುವುದೇ 40. ಎರಡನೆಯದು ಗಾಳಿ. ಐದು ಸಾವಿರ ಮೀಟರ್ ಎತ್ತರದಲ್ಲಿ ವಾಯುಭಾರ ಸಮುದ್ರಮಟ್ಟದ ಅರ್ಧಕ್ಕಿಂತ ತುಸು ಹೆಚ್ಚಷ್ಟೇ ಇರುವುದರಿಂದ ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಪೆಟ್ರೋಲ್ ಎಂಜಿನ್ ತನ್ನ ಬಲದ ದೊಡ್ಡ ಪಾಲನ್ನು ಕಳೆದುಕೊಳ್ಳುತ್ತದೆ. ಮಾರುತಿಯದೇ ಹೊಸ ಜಿಮ್ನಿಗೂ ಇದೇ ಮಾತು ಅನ್ವಯಿಸುತ್ತದೆ.

ಟರ್ಬೊ ಡೀಸೆಲ್ ಎಂದರೆ ಈಚಿನ ಹೊಗೆ ನಿಯಮವಾದ ಬಿಎಸ್-6ರ ಗಾಡಿಗಳಲ್ಲಿರುವ ಮಸಿ ಶೋಧಕದ (ಡಿಪಿಎಫ್) ಚಿಂತೆ. ಶೋಧಕದಲ್ಲಿ ಕಟ್ಟಿದ ಮಸಿ ಉರಿದುಹೋಗಲು ಗಾಡಿ ಒಂದಿಷ್ಟು ಹೊತ್ತು ಒಂದೇ ವೇಗದಲ್ಲಿ ಓಡಿ ಹೊಗೆಯ ಮಾರ್ಗ ಚೆನ್ನಾಗಿ ಬಿಸಿಯಾಗಬೇಕು. ದಿನವಿಡೀ ಗಂಟೆಗೆ ಹದಿನೈದು ಕಿ.ಮೀ. ವೇಗದಲ್ಲಿ ಕಲ್ಲುದಾರಿ ಏರುವವನಿಗೆ ಆ ಭಾಗ್ಯವಿಲ್ಲ. ಹೀಗಾಗಿ ಅದಕ್ಕೂ ಹಿಂದಿನ ಬಿಎಸ್-4 ಕಾಲದ, ನಾಲ್ಕು ಚಕ್ರಗಳ ಚಾಲನೆಯ ಬೊಲೆರೊ ಕ್ಯಾಂಪರ್ ಒಂದನ್ನು ಧಾರವಾಡದಲ್ಲಿ ಹುಡುಕಿದೆ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗೆ ದೆಹಲಿಯಲ್ಲಿ ಆಗ ನಿರ್ಬಂಧವಿದ್ದುದರಿಂದ ವಯಸ್ಸನ್ನೂ ನೋಡಬೇಕಾಯಿತು. ಕರಾವಳಿಯಲ್ಲಿ ಓಡಿದ ಗಾಡಿಗಳ ಚಾಸಿ ತುಕ್ಕು ಹಿಡಿದಿರುತ್ತದೆಂದು ಅವನ್ನು ದೂರವಿಟ್ಟೆ. ಬೆಳಗಿನ ಜಾವ ಮಾಲೀಕರ ಮನೆಗೆ ಹೋಗಿ ತಣ್ಣಗಿದ್ದ ಎಂಜಿನ್ನನ್ನೇ ಸ್ಟಾರ್ಟ್ ಮಾಡಿಸಿ, ಗಾಡಿಯ ಅಡಿಗೆ ಮಲಗಿ ವೆಲ್ಡಿಂಗ್ ಗುರುತು ಹುಡುಕಿ, ಉತ್ತ ಹೊಲದಲ್ಲಿ ಲೋ ಗೇರ್ ಹಾಕಿಸಿ ನೋಡಿದ ಮೇಲೆಯೇ ಮುಂಗಡ ಕೊಟ್ಟದ್ದು. ಹಿಂದಿನ ಕಮಾನು ಪಟ್ಟಿಗಳು (ಲೀಫ್ ಸ್ಪ್ರಿಂಗ್) ಸೊಂಟ ಮುರಿಯುವಷ್ಟು ಗಡುಸು ಎಂಬುದನ್ನು ಮುಚ್ಚಿಡಲಾರೆ. ಆದರೆ ಪಟ್ಟಿ ತುಂಡಾದರೆ ಲಾರಿ ಓಡುವ ಯಾವ ಊರಿನಲ್ಲಾದರೂ ಬದಲಿಸುವವರು ಸಿಗುತ್ತಾರೆ.

ಛಾವಣಿಯ ಮೇಲಿನ ಡೇರೆ, ದೀಪಗಳ ಸಾಲು ಯಾವುದನ್ನೂ ಹಾಕಿಸಲಿಲ್ಲ. ಆ ಹಣದಲ್ಲಿ ಆರು ಹೊಸ ಟೈರ್ ಕೊಂಡು, ಎರಡನ್ನು ಸ್ಟೆಪ್ನಿಗೆಂದು ಇಟ್ಟೆ. ಚೂಪುಗಲ್ಲಿಗೆ ಟೈರಿನ ಪಕ್ಕದ ಗೋಡೆ ಸೀಳಿದರೆ ಪಂಕ್ಚರ್ ಹಾಕುವುದು ಆಗದ ಮಾತು. ಬೆಲ್ಟ್, ರೇಡಿಯೇಟರ್ ಪೈಪ್, ಡೀಸೆಲ್ ಫಿಲ್ಟರ್‌ಗಳನ್ನು ಬದಲಿಸಿ, ಒಂದೊಂದು ಹೆಚ್ಚುವರಿಯನ್ನು ಸೀಟಿನ ಹಿಂದೆ ಕಟ್ಟಿದ್ದೇನೆ. ಇನ್ನು ಉಳಿದಿರುವುದು ಹೀಟರ್ ಒಂದೇ. ಅದರ ನೀರಿನ ಪೈಪನ್ನು ಯಾರೋ ಬಿಚ್ಚಿ ಬಾಯಿ ಮುಚ್ಚಿಬಿಟ್ಟಿದ್ದಾರೆ; ಧಾರವಾಡದಲ್ಲಿ ಹೀಟರ್ ಯಾರಿಗೆ ಬೇಕು ಎನ್ನಿಸಿರಬೇಕು.