"ಎಳ್ಳಮವಾಸಿ ಐತಲ್ಲ ತಂಗಿ"

ಮೊನ್ನೆ ಬೆಂಗಳೂರಿನ ಹಳೆಯ ಸಹೋದ್ಯೋಗಿ ಫೋನ್ ಮಾಡಿದ್ದಳು. "ನಾನೂ ಕೆಲಸ ಬಿಡ್ತೀನಿ ಕಣೇ, ನಿನ್ನ ಹಾಗೆ ಆರಾಮಾಗಿರ್ತೀನಿ" ಅಂದಳು. ನನಗೆ ನಗು ಬಂತು. ಅವತ್ತು ನಾನು ನಾಲ್ಕೂವರೆಗೆ ಎದ್ದು ಆರು ಜನರನ್ನು ಗುಡ್ಡ ಹತ್ತಿಸಿ, ಇಳಿಸಿ, ಆಗಷ್ಟೇ ಕಾಲಿಗೆ ಚುಚ್ಚಿದ ಮುಳ್ಳು ತೆಗೆಯುತ್ತಾ ಕೂತಿದ್ದೆ.

ನಾನು ಗಂಗಾವತಿಯವಳು. ಬೆಂಗಳೂರಿನ ಔಟರ್ ರಿಂಗ್ ರೋಡಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದೆ. ಅಮೆರಿಕದ ಕ್ಲೈಂಟು, ರಾತ್ರಿ ಕಾಲ್‌ಗಳು, ಎಲ್ಲರಿಗೂ ಗೊತ್ತಿರುವ ಕತೆ. 2019ರಲ್ಲಿ ಬಿಟ್ಟು ಊರಿಗೆ ಬಂದೆ. ಹೊರದೇಶದಿಂದ ಬರುವವರಿಗೆ ಹಿರೇಬೆಣಕಲ್ ಗುಡ್ಡ ತೋರಿಸಿ, ಹಳ್ಳಿ ಮನೆಯಲ್ಲಿ ಊಟ ಹಾಕಿಸುವುದು ನನ್ನ ಕೆಲಸ. ಹಂಪಿಯಲ್ಲಿ ಲೈಸೆನ್ಸ್ ಇರುವ ಗೈಡ್‌ಗಳಿದ್ದಾರೆ, ಅಲ್ಲಿ ನಾನು ಕೈ ಹಾಕುವುದಿಲ್ಲ.

ಹಿರೇಬೆಣಕಲ್ ಗಂಗಾವತಿಯಿಂದ ಹತ್ತು ಕಿಲೋಮೀಟರ್ ಚಿಲ್ಲರೆ. ಊರವರು ಅದನ್ನು ಮೋರ್ಯರ ಗುಡ್ಡ ಅನ್ನುತ್ತಾರೆ. ಮೇಲೆ ಸುಮಾರು 400 ಶಿಲಾ ಸಮಾಧಿಗಳಿವೆ, ಎರಡು ಸಾವಿರ ವರ್ಷಕ್ಕೂ ಹಿಂದಿನವು. ಸುತ್ತ ಕಲ್ಲು ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ್ದಾರೆ. ಕೆಲವಕ್ಕೆ ಮುಂದೆ ದುಂಡನೆ ಕಿಂಡಿ. ಗಿಡ್ಡ ಜನ ವಾಸ ಇದ್ದ ಮನೆಗಳು ಅಂತ ನಮ್ಮಜ್ಜಿ ಹೇಳುತ್ತಿದ್ದಳು. 2021ರಲ್ಲಿ ಈ ಜಾಗ ಯುನೆಸ್ಕೋದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೂ ಸೇರಿತು. ಮೇಲೊಂದು ನಗಾರಿ ಕಲ್ಲಿದೆ. ಇನ್ನೊಂದು ಕಲ್ಲು ತಗೊಂಡು ಬಡಿದರೆ ಢಣ್ ಅಂತ ದೂರದವರೆಗೂ ಕೇಳಿಸುತ್ತದೆ. ಯಾವ ದೇಶದವರಾದರೂ ಅಲ್ಲಿಗೆ ಬಂದ ಕೂಡಲೇ ಮಕ್ಕಳಾಗಿಬಿಡುತ್ತಾರೆ.

ಬಂದ ಒಂದೇ ವರ್ಷಕ್ಕೆ ಕೊರೊನಾ. 2020ರ ಮಾರ್ಚ್‌ನಲ್ಲಿ ಟೂರಿಸ್ಟ್ ವೀಸಾ ನಿಂತವು, ಮತ್ತೆ ಶುರುವಾಗಿದ್ದು 2021ರ ಕೊನೆಗೆ. ಅಷ್ಟು ದಿನ ಒಂದು ಅಕ್ಕಿ ಮಿಲ್ಲಿನಲ್ಲಿ ಲೆಕ್ಕ ಬರೆದೆ. "ಇದಕ್ಕೇನು ಅಷ್ಟು ದೊಡ್ಡ ಕೆಲಸ ಬಿಟ್ಟು ಬಂದಿ?" ಅಂತ ಅವ್ವ ದಿನಾ ಕೇಳುತ್ತಿದ್ದಳು. ಉತ್ತರ ಇರಲಿಲ್ಲ, ಸುಮ್ನೆ ಇರುತ್ತಿದ್ದೆ.

ನಾನು ಹೇಳಬೇಕೆಂದಿರುವುದು 2022ರ ಡಿಸೆಂಬರ್‌ನ ಸಂಗತಿ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಕಂಪನಿಯಲ್ಲಿದ್ದಾಗ ಬೇರೆ ದೇಶದವರ ಜೊತೆ ಹೇಗೆ ಮಾತಾಡಬೇಕು ಅಂತ ನನಗೆ ಮೂರು ಸಲ ಟ್ರೇನಿಂಗ್ ಕೊಟ್ಟಿದ್ದರು. ಆಮೇಲೆ ಹೊಸಬರಿಗೆ ಅದನ್ನೇ ಹೇಳಿಕೊಡುವವಳೂ ನಾನೇ ಆದೆ. ಯಾರು ನೇರ ಮಾತಾಡುತ್ತಾರೆ, ಯಾರ ಮೌನಕ್ಕೆ ಏನರ್ಥ, ಎಲ್ಲಾ ಸ್ಲೈಡ್‌ನಲ್ಲಿ ಇತ್ತು. ಅದರ ಜಂಬ ನನಗೆ ಚೆನ್ನಾಗೇ ಇತ್ತು.

ಆ ಡಿಸೆಂಬರ್‌ನಲ್ಲಿ ಒಂಬತ್ತು ಜನರ ಗುಂಪೊಂದು ಬಂತು. ನನ್ನದೂ ಸೇರಿ ಹತ್ತು ಊಟ. ಗುಡ್ಡದ ಕೆಳಗಿನ ಊರಲ್ಲಿ ನಮಗೆ ರೊಟ್ಟಿ ಮಾಡಿಕೊಡುವ ಅಕ್ಕನಿಗೆ ನಾಲ್ಕು ದಿನ ಮೊದಲೇ ಹೋಗಿ ಹೇಳಿದೆ.

"ಯಕ್ಕಾ, ಶುಕ್ರವಾರ ಒಂದು ಗಂಟೆಗೆ ಹತ್ತು ಮಂದಿ ಊಟ. ಆಗ್ತೈತಲ್ಲ?"

"ಆಗ್ಲಿ ತಗೋ. ಅವತ್ತು ಎಳ್ಳಮವಾಸಿ ಐತಲ್ಲ ತಂಗಿ."

"ಹೌದೌದು" ಅಂದೆ. ಫೋನಿನಲ್ಲಿ "ಊಟ ಕನ್‌ಫರ್ಮ್" ಅಂತ ಬರೆದುಕೊಂಡು ಬಂದೆ.

ಶುಕ್ರವಾರ ಗುಡ್ಡ ಇಳಿದು ಬಂದರೆ ಬಾಗಿಲಿಗೆ ಬೀಗ. ಪಕ್ಕದ ಮನೆಗೂ ಬೀಗ. ಇಡೀ ಓಣಿಯಲ್ಲಿ ಒಂದು ನಾಯಿ, ಕಟ್ಟೆ ಮೇಲೆ ಕಿವಿ ಕೇಳದ ಒಬ್ಬ ತಾತ, ಅಷ್ಟೇ. ಅಕ್ಕನ ಫೋನು ಮನೆಯೊಳಗೇ ರಿಂಗಾಗುವುದು ಕೇಳಿಸುತ್ತಿತ್ತು. ಒಂಬತ್ತು ಜನ ನನ್ನ ಮುಖ ನೋಡುತ್ತಾ ನಿಂತಿದ್ದಾರೆ. ಕೊನೆಗೆ ಗಂಗಾವತಿಗೆ ಕರೆದುಕೊಂಡು ಬಂದು ಒಗ್ಗರಣಿ ಮಿರ್ಚಿ ಕೊಡಿಸಿದೆ. ಒಬ್ಬರು ಮಿರ್ಚಿಯನ್ನು ಇಡಿಯಾಗಿ ಕಚ್ಚಿ ಕಣ್ಣೀರು ಸುರಿಸಿದರು. ಊಟದ ದುಡ್ಡು ವಾಪಸ್ ಕೊಟ್ಟೆ. "ಮಾತು ಕೊಟ್ಟು ಕೈಕೊಟ್ಟಳು" ಅಂತ ಅಕ್ಕನ ಮೇಲೆ ಸಿಟ್ಟು ಬೇರೆ.

ಎರಡು ದಿನ ಬಿಟ್ಟು ಅಕ್ಕನೇ ಬಸ್ ಹತ್ತಿ ನಮ್ಮ ಮನೆಗೆ ಬಂದಳು. ಕೈಯಲ್ಲಿ ಸ್ಟೀಲ್ ಡಬ್ಬಿ, ಅದರ ತುಂಬ ಶೇಂಗಾ ಹೋಳಿಗೆ. ಮುಖ ಮಾತ್ರ ಗಂಟು.

"ಹತ್ತು ಮಂದಿ ಅಂದಿದ್ದಿ. ಹತ್ತು ಮಂದಿದೂ ಬುತ್ತಿ ಕಟ್ಕೊಂಡು ಹೊಲಕ್ಕ ಹೋಗಿದ್ವಿ. ಹೊತ್ತು ಮುಣುಗೋತನ ಕಾದ್ವಿ. ಯಾಕ ಬರ್ಲಿಲ್ಲ?"

ನನಗೆ ಮಾತೇ ಹೊರಡಲಿಲ್ಲ. "ಮನೆಗೆ ಬಂದಿದ್ದೆ ಯಕ್ಕಾ" ಅಂದೆ.

"ಎಳ್ಳಮವಾಸಿ ದಿನ ಮನ್ಯಾಗ ಯಾರು ಉಣ್ತಾರ? ನೀ ಈ ಕಡೆಯಾಕಿ ಹೌದಲ್ಲೋ?"

ಎಳ್ಳಮವಾಸಿ ಅಂದರೆ ನಮ್ಮ ಕಡೆ ಊರಿಗೆ ಊರೇ ಹೊಲದಲ್ಲಿರುತ್ತದೆ. ಸಜ್ಜಿ ರೊಟ್ಟಿ, ಕಾಳು ಪಲ್ಯ, ಪುಂಡಿ ಪಲ್ಯ, ಹೋಳಿಗೆ ಎಲ್ಲ ಒಯ್ದು, ಪೂಜೆ ಮಾಡಿ, ಒಯ್ದ ಅಡುಗೆಯಲ್ಲೇ ಒಂದಿಷ್ಟನ್ನು ಚರಗ ಅಂತ ಬೆಳೆಗೆ ಚೆಲ್ಲಿ, ಅಲ್ಲೇ ಕೂತು ಉಣ್ಣುವುದು. ಚಿಕ್ಕವಳಿದ್ದಾಗ ನಾನೂ ಎತ್ತಿನ ಗಾಡಿಯಲ್ಲಿ ಹೋದವಳೇ. "ಎಳ್ಳಮವಾಸಿ ಐತಲ್ಲ ತಂಗಿ" ಅಂದರೆ ಹೊಲಕ್ಕೆ ಕರಕೊಂಡು ಬಾ ಅಂತ. ಬೇರೆ ಅರ್ಥವೇ ಇಲ್ಲ. ಅದನ್ನು ಬಿಡಿಸಿ ಹೇಳಬೇಕು ಅಂತ ಅಕ್ಕನಿಗೆ ಹೊಳೆಯುವುದಾದರೂ ಹೇಗೆ? ನಾನು ಆ ಹಬ್ಬವನ್ನು ಕ್ಯಾಲೆಂಡರಿನ ಒಂದು ತಾರೀಖು ಅಂದುಕೊಂಡೆ. ಹೊರದೇಶದವರ ಮೌನ ಓದಲು ಕಲಿತವಳಿಗೆ ಮಗ್ಗುಲ ಊರಿನ ಮಾತು ತಿಳಿಯಲಿಲ್ಲ.

ಆಮೇಲೆ ಕೇಳುವ ರೀತಿ ಬದಲಾಯಿಸಿದೆ. "ಆಗ್ತೈತಾ?" ಅಂತ ಯಾರನ್ನೂ ಕೇಳುವುದಿಲ್ಲ. ಆ ಪ್ರಶ್ನೆಗೆ ನಮ್ಮಲ್ಲಿ ಆಗ್ಲಿ ಅನ್ನುವುದೊಂದೇ ಉತ್ತರ, ಬಂದವರಿಗೆ ಇಲ್ಲ ಅನ್ನಲು ಬಾಯಿ ಬರುವುದಿಲ್ಲ. "ಅವತ್ತು ಎಲ್ಲಿರ್ತೀರಿ, ಮನೆಯಲ್ಲಿ ಏನು ನಡೆದೈತಿ?" ಅಂತ ಶುರು ಮಾಡುತ್ತೇನೆ. ಚಹಾ ಕುಡಿಯುತ್ತೇನೆ. ಬುಕಿಂಗ್ ಮಾತು ಕೊನೆಗೆ. ಅರ್ಧ ಗಂಟೆ ಜಾಸ್ತಿ ಹಿಡಿಯುತ್ತದೆ, ಹಿಡೀಲಿ.

ಅತಿಥಿಗಳಿಗೆ ಹೇಳಿಕೊಡುವುದೂ ಇದೆ. ಸಾಕಾದರೆ ಬಾಯಲ್ಲಿ ಹೇಳಿದರೆ ಸಾಲದು, ತಟ್ಟೆಗೆ ಕೈ ಅಡ್ಡ ಹಿಡಿಯಬೇಕು. ಇಲ್ಲದಿದ್ದರೆ ಸಂಕೋಚ ಅಂದುಕೊಂಡು ಅಕ್ಕ ಇನ್ನೆರಡು ರೊಟ್ಟಿ ಹಾಕುತ್ತಾಳೆ. ಉಂಡ ಮೇಲೆ ಕೈಗೆ ದುಡ್ಡು ಕೊಡಬಾರದು. "ಉಂಡವರ ಹತ್ರ ರೊಕ್ಕ ಇಸ್ಕೊಳ್ಳೋದಾ?" ಅಂತ ಮುಖ ತಿರುಗಿಸುತ್ತಾಳೆ. ತಿಂಗಳಿಗೊಮ್ಮೆ ನಾನು ಅವಳ ಮಗನ ಫೋನಿಗೆ ಹಾಕಿದರೆ ಅದು ಲೆಕ್ಕ, ಅದಕ್ಕೆ ತಕರಾರಿಲ್ಲ.

ಫೋನ್ ಮಾಡಿದ ಗೆಳತಿಗೆ ನಾನು ಹೇಳಿದ್ದು ಇಷ್ಟು. ಅಕ್ಟೋಬರಿನಿಂದ ಫೆಬ್ರುವರಿವರೆಗೆ ದುಡಿಮೆ. ಏಪ್ರಿಲ್ ಮೇನಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ಆ ಕಲ್ಲು ಗುಡ್ಡ ಹತ್ತಲು ನಾಯಿಯೂ ಒಪ್ಪುವುದಿಲ್ಲ, ಆಗ ಕೈ ಖಾಲಿ. ಹೋಂಸ್ಟೇಯವರಿಗೆ ವಿದೇಶಿ ಅತಿಥಿಗಳ ವಿವರ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ತುಂಬಿಕೊಡುವ ಕೆಲಸವನ್ನೂ ಮಾಡುತ್ತೇನೆ, ಅದರಿಂದ ಸ್ವಲ್ಪ ಬರುತ್ತದೆ. ಬೆಂಗಳೂರಿನ ಸಂಬಳದ ಅರ್ಧವೂ ಆಗುವುದಿಲ್ಲ. ರಾತ್ರಿ ನಿದ್ದೆ ಬರುತ್ತದೆ. ಮೊದಲು ರಜೆ ಹಾಕಿ ಒಂದು ಸೀಸನ್ ಬಂದು ನೋಡು, ರಾಜೀನಾಮೆ ಆಮೇಲೆ ಕೊಡುವೆಯಂತೆ ಅಂದೆ. ಅವಳಿಗೆ ಬೇಜಾರಾದ ಹಾಗಿತ್ತು.

ಆಮೇಲಿನ ಎಳ್ಳಮವಾಸಿಗೆ ಗುಡ್ಡದ ಕೆಲಸ ಇಟ್ಟುಕೊಳ್ಳಲಿಲ್ಲ, ಬಂದವರನ್ನು ನೇರ ಹೊಲಕ್ಕೇ ಕರೆದುಕೊಂಡು ಹೋದೆ. ಅಕ್ಕ ಮುಂದೆ ನಡೆದು ಚರಗ ಚೆಲ್ಲುತ್ತಿದ್ದರೆ ಅವರೆಲ್ಲ ಸಾಲಾಗಿ ಅವಳ ಹಿಂದೆ. ಒಬ್ಬರು ನನ್ನ ಹತ್ತಿರ ಬಂದು, ಅನ್ನವನ್ನು ಯಾಕೆ ಮಣ್ಣಿಗೆ ಹಾಕುತ್ತಾರೆ ಅಂತ ಕೇಳಿದರು. ನಾನು ಅಕ್ಕನನ್ನು ಕೇಳಿದೆ.

"ವರ್ಷಾನುಗಟ್ಟಲೆ ನಾವು ತಿಂತೀವಿ, ಒಂದು ದಿನ ಅದೂ ಉಣ್ಲಿ" ಅಂದವಳು, ನನ್ನ ಕೈಗೂ ಒಂದು ಬುಟ್ಟಿ ಕೊಟ್ಟು, "ನೀ ಆ ಬದುವಿನ ಕಡೆ ಹೋಗು" ಅಂದಳು.