ಗಿರಾಕಿ ನಿಮ್ಮವರೋ, ಪ್ಲಾಟ್‌ಫಾರ್ಮಿನವರೋ

ನಾನು ಕೈಯಲ್ಲೇ ಹೊಲಿದು ನೋಟ್‌ಬುಕ್ ಮಾಡುತ್ತೇನೆ. ಹಾಳೆ ಮಡಿಸಿ, ತೂತು ಹಾಕಿ, ಮೇಣ ಸವರಿದ ದಾರದಲ್ಲಿ ಹೊಲಿದು, ರಟ್ಟು ಅಂಟಿಸಿ, ರಾತ್ರಿಯಿಡೀ ಭಾರದ ಕೆಳಗೆ ಇಡಬೇಕು. ಒಂದಕ್ಕೆ ಒಂದೂವರೆ ಗಂಟೆ ಹಿಡಿಯುತ್ತದೆ. ಇದನ್ನು ಮೊದಲೇ ಹೇಳೋದಕ್ಕೆ ಕಾರಣ ಇದೆ. ಸಣ್ಣ ವ್ಯಾಪಾರ ನಡೆಸುವ ಸ್ನೇಹಿತರು ಬಂದು, ಆನ್‌ಲೈನ್‌ನಲ್ಲಿ ಸ್ವಲ್ಪ ಹೆಚ್ಚಿನ ಆದಾಯ ಬೇಕು, ಯಾವ ಪ್ಲಾಟ್‌ಫಾರ್ಮ್ ಒಳ್ಳೆಯದು ಅಂತ ಕೇಳಿದಾಗೆಲ್ಲ ನಾನು ತಿರುಗಿ ಕೇಳುವುದು ಒಂದೇ. ನಿಮಗೆ ಸಾಲದೆ ಬರುತ್ತಿರುವುದು ಗಿರಾಕಿಯಾ, ಸಮಯವಾ?

ಈ ಪ್ರಶ್ನೆಯನ್ನು ನಾನು ನನಗೇ ಕೇಳಿಕೊಳ್ಳದೆ ಎರಡು ವರ್ಷ ಕಳೆದಿದ್ದೆ. ಆಗ ನನ್ನ ಹತ್ತಿರ ಗಿರಾಕಿಗಳು ಇದ್ದರು, ಕೈ ತುಂಬ ಕೆಲಸವೂ ಇತ್ತು. ಆದಾಯ ಮಾತ್ರ ಒಂದು ಮಟ್ಟಕ್ಕೆ ಬಂದು ನಿಂತುಬಿಟ್ಟಿತ್ತು. ದೊಡ್ಡ ಮಾರುಕಟ್ಟೆಯೊಂದಕ್ಕೆ ಸೇರಿದರೆ ಸರಿಹೋಗುತ್ತದೆ ಅಂದುಕೊಂಡೆ. ಸೇರಿದೆ. ಆರ್ಡರ್ ಬಂದವು, ಚೆನ್ನಾಗಿಯೇ ಬಂದವು. ಆದರೆ ದಿನಕ್ಕೆ ಇರುವ ಗಂಟೆ ಅಷ್ಟೇ ಅಲ್ವಾ? ನೇರವಾಗಿ ಬರುತ್ತಿದ್ದ ಹಳೆಯ ಗಿರಾಕಿಗಳನ್ನು ಕಾಯಿಸಿ, ಕಮಿಷನ್ ಕೊಟ್ಟು ಹೊಸಬರಿಗೆ ಅದೇ ನೋಟ್‌ಬುಕ್ ಮಾರಿದೆ. ಆ ತಿಂಗಳುಗಳ ಲೆಕ್ಕ ತೆಗೆದು ನೋಡಿದಾಗ ಮಾರಾಟ ಏರಿತ್ತು, ಕೈಯಲ್ಲಿ ಉಳಿದದ್ದು ಇಳಿದಿತ್ತು.

ಸಮಯ ಸಾಲದವರಿಗೆ ಮಾರುಕಟ್ಟೆ ಬೇಡ. ಅವರಿಗೆ ಬೇಕಾಗಿರುವುದು ಒಮ್ಮೆ ಮಾಡಿ ಹಲವು ಸಲ ಮಾರುವ ಸರಕು. ನನ್ನ ವಿಷಯದಲ್ಲಿ ಅದು ಪ್ರಿಂಟ್ ಹಾಕಿಕೊಳ್ಳುವ ಪ್ಲಾನರ್ ಪುಟಗಳು, ಆಮೇಲೆ ಪುಸ್ತಕ ಹೊಲಿಯುವುದನ್ನು ಕಲಿಸುವ ವಿಡಿಯೋ ಪಾಠ. ಗಿರಾಕಿ ಸಾಲದವರ ದಾರಿ ಬೇರೆ. ಅವರು ಜನ ಈಗಾಗಲೇ ಕೊಳ್ಳಲು ಬಂದು ಹುಡುಕುತ್ತಿರುವ ಕಡೆ ಹೋಗಬೇಕು, ಅಂದರೆ ಅಮೆಜಾನ್, ಇಬೇ, ಕೈಕೆಲಸದ ಸರಕಿಗೆ ಹೆಸರಾದ ಎಟ್ಸಿ ತರಹದ ಜಾಗಗಳು, ಸೇವೆ ಮಾರುವವರಾದರೆ ಫೈವರ್, ಅಪ್‌ವರ್ಕ್. ಕೊಳ್ಳಲು ಹುಡುಕುವ ಕಣ್ಣು ಬೇರೆ, ಸುಮ್ನೆ ನೋಡಿಕೊಂಡು ಹೋಗುವ ಕಣ್ಣು ಬೇರೆ. ಇನ್‌ಸ್ಟಾಗ್ರಾಂನಲ್ಲಿ ನನ್ನ ಹೊಲಿಗೆಯ ವಿಡಿಯೋವನ್ನು ಸಾವಿರಾರು ಜನ ನೋಡಿದ್ದಾರೆ, ಮೆಚ್ಚಿದ್ದಾರೆ. ಅವರಲ್ಲಿ ಕೊಂಡವರನ್ನು ಎಣಿಸಲು ಎರಡು ಕೈಯ ಬೆರಳು ಸಾಕು. ಪಿಂಟರೆಸ್ಟ್‌ನಲ್ಲಿ ನೋಡಿದವರು ಕಡಿಮೆ, ಆದರೆ ಅಲ್ಲಿ ಜನ ಏನೋ ಮಾಡಬೇಕು ಅಂತ ಹುಡುಕಿಕೊಂಡೇ ಬರುತ್ತಾರೆ, ಹಾಗಾಗಿ ವರ್ಷದ ಹಿಂದೆ ಹಾಕಿದ ಚಿತ್ರವೊಂದು ಇವತ್ತಿಗೂ ನನ್ನ ಪ್ಲಾನರ್ ಪುಟಗಳಿಗೆ ಜನರನ್ನು ಕಳಿಸುತ್ತಿದೆ.

ಈಗ ಕಮಿಷನ್ ವಿಷಯ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಎಷ್ಟೋ ಜನ ಒಂದೇ ಅಂಕಿ ನೋಡಿ ತೀರ್ಮಾನ ಮಾಡಿಬಿಡುತ್ತಾರೆ.

ಎಟ್ಸಿಯನ್ನೇ ತೆಗೆದುಕೊಳ್ಳಿ. ಒಂದು ವಸ್ತುವನ್ನು ಪಟ್ಟಿಗೆ ಹಾಕಲು 20 ಸೆಂಟ್, ಅದು ನಾಲ್ಕು ತಿಂಗಳಿಗೆ. ಮಾರಾಟ ಆದ ಮೇಲೆ ಶೇಕಡಾ 6.5. ಈ 6.5 ವಸ್ತುವಿನ ಬೆಲೆಗೆ ಮಾತ್ರ ಅಲ್ಲ, ಗಿರಾಕಿಯಿಂದ ನೀವು ತೆಗೆದುಕೊಂಡ ಸಾಗಣೆ ಖರ್ಚಿಗೂ ಸೇರಿಸಿ ಲೆಕ್ಕ. ಹಣ ಪಾವತಿಯ ಶುಲ್ಕ ಬೇರೆ, ಅದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಇದರ ಮೇಲೆ, ಎಟ್ಸಿ ಹೊರಗಡೆ ಹಾಕಿದ ಜಾಹೀರಾತನ್ನು ಒತ್ತಿ ಬಂದವರು 30 ದಿನದೊಳಗೆ ನಿಮ್ಮಲ್ಲಿ ಕೊಂಡರೆ ಶೇಕಡಾ 15. ವರ್ಷಕ್ಕೆ 10,000 ಡಾಲರ್ ವಹಿವಾಟು ದಾಟಿದವರಿಗೆ ಇದು 12ಕ್ಕೆ ಇಳಿಯುತ್ತದೆ, ಆದರೆ ಅವರು ಈ ಜಾಹೀರಾತು ಬೇಡ ಅನ್ನುವ ಹಾಗಿಲ್ಲ. ಗಿರಾಕಿ 100 ಕೊಟ್ಟರು ಅಂದುಕೊಳ್ಳಿ. ಆರೂವರೆ ಹೋಯಿತು, ಪಾವತಿಗೆ ಮೂರೋ ನಾಲ್ಕೋ ಹೋಯಿತು, ಜಾಹೀರಾತಿಗೆ ಹದಿನೈದು ಹೋಯಿತು. ಉಳಿದ ಮುಕ್ಕಾಲು ಭಾಗದಲ್ಲಿ ಕಾಗದ, ದಾರ, ಪೆಟ್ಟಿಗೆ, ಸಾಗಣೆ, ಆಮೇಲೆ ನಿಮ್ಮ ಗಂಟೆಗಳು. ಶೇಕಡಾ 6.5 ಅಂತ ಓದಿ ಬೆಲೆ ಇಟ್ಟವರು ಇಲ್ಲೇ ಸೋಲುವುದು.

ಅದೂ ಇವತ್ತಿನ ಲೆಕ್ಕ. 2022ರ ಏಪ್ರಿಲ್‌ಗೆ ಮೊದಲು ಆ 6.5 ಇದ್ದದ್ದು 5. ಏರಿಸಿದಾಗ ಸಾವಿರಾರು ಮಾರಾಟಗಾರರು ಒಂದು ವಾರ ತಮ್ಮ ಅಂಗಡಿಗಳನ್ನು ರಜೆಯಲ್ಲಿ ಇಟ್ಟು ಮುಷ್ಕರ ಮಾಡಿದರು. ದರ ಇಳಿಯಲಿಲ್ಲ. ಎಟ್ಸಿ ಕೆಟ್ಟದ್ದು ಅಂತ ಹೇಳಲು ಈ ಮಾತು ತೆಗೆಯಲಿಲ್ಲ, ಮೊದಲ ಗಿರಾಕಿಗಳನ್ನು ಹುಡುಕುವ ಕೈಕೆಲಸದವರಿಗೆ ಇವತ್ತಿಗೂ ಅದು ಒಳ್ಳೆಯ ಜಾಗ. ಆದರೆ ಅಲ್ಲಿ ನಾವು ಬಾಡಿಗೆದಾರರು, ಬಾಡಿಗೆ ಏರಿಸುವುದು ಮನೆಯವರ ಕೈಯಲ್ಲಿದೆ.

ಕಮಿಷನ್ ಕೊಡುವುದೇ ತಪ್ಪಾ? ಅಲ್ಲ. ಕಮಿಷನ್ ಅಂದರೆ ಗಿರಾಕಿಯನ್ನು ಕರೆತಂದದ್ದಕ್ಕೆ ಕೊಡುವ ಕೂಲಿ. ಇದು ನನಗೆ ಮನಸ್ಸಿಗೆ ಹತ್ತಿದ್ದು ವಿಡಿಯೋ ಪಾಠ ಎಲ್ಲಿ ಹಾಕಲಿ ಅಂತ ಹುಡುಕುವಾಗ. ಯುಡೆಮಿಯಲ್ಲಿ ಪಾಠ ಹಾಕಿದರೆ, ಅವರ ಜಾಲತಾಣದಲ್ಲೇ ಹುಡುಕಿ ಬಂದ ವಿದ್ಯಾರ್ಥಿ ಕೊಂಡಾಗ ಕಲಿಸುವವರಿಗೆ ಸಿಗುವುದು ಶೇಕಡಾ 37. ಅದೇ ಪಾಠವನ್ನು ನಮ್ಮ ಕೂಪನ್ ಮೂಲಕ ನಾವೇ ಕರೆತಂದವರು ಕೊಂಡರೆ ಶೇಕಡಾ 97! ಪಾಠ ಒಂದೇ, ವಿಡಿಯೋ ಒಂದೇ, ಗಿರಾಕಿಯನ್ನು ಕರೆತಂದವರು ಯಾರು ಅನ್ನುವುದಷ್ಟೇ ಬೇರೆ. ಡೌನ್‌ಲೋಡ್ ಮಾಡಿಕೊಳ್ಳುವ ಸರಕು ಮಾರುವ ಗಮ್‌ರೋಡ್‌ನಲ್ಲೂ ಹಾಗೇ. ನಮ್ಮ ಕೊಂಡಿಯಿಂದ ನೇರವಾಗಿ ಬಂದವರ ಮೇಲೆ ಶೇಕಡಾ 10, ಜೊತೆಗೆ ಒಂದಿಷ್ಟು ಸೆಂಟ್. ಅವರ ಮಾರುಕಟ್ಟೆ ಪುಟದಲ್ಲಿ ನಮ್ಮನ್ನು ಕಂಡು ಬಂದವರ ಮೇಲೆ ಶೇಕಡಾ 30. ಈ ಎರಡು ಕಂಪನಿಗಳು ಬಾಯಿಬಿಟ್ಟು ಹೇಳಿದ್ದನ್ನು ಎಲ್ಲರೂ ಇಷ್ಟು ನೇರವಾಗಿ ಹೇಳುವುದಿಲ್ಲ, ಅಷ್ಟೇ. ಫೈವರ್ ಮಾರಾಟಗಾರರಿಂದ ಶೇಕಡಾ 20 ತೆಗೆದುಕೊಳ್ಳುತ್ತದೆ, ನಿಮ್ಮ ಹಳೆಯ ಗಿರಾಕಿಯನ್ನು ನೀವೇ ಅಲ್ಲಿಗೆ ಕಳಿಸಿದರೂ ಅದೇ ಇಪ್ಪತ್ತು.

ಹಾಗಾಗಿ ನಾನು ಈಗ ಯಾವ ಪ್ಲಾಟ್‌ಫಾರ್ಮ್ ನೋಡಿದರೂ ಮೊದಲು ಹುಡುಕುವುದು ಇದನ್ನು: ಇವರು ನಿಜವಾಗಿ ನನಗೆ ಹೊಸ ಗಿರಾಕಿಯನ್ನು ತರುತ್ತಾರಾ, ಅಥವಾ ನಾನು ಕರೆತಂದವರ ಮೇಲೆ ಬಾಡಿಗೆ ತೆಗೆದುಕೊಳ್ಳುತ್ತಾರಾ? ತರುವುದಾದರೆ ದುಬಾರಿ ಅನ್ನಿಸಿದರೂ ಕೊಡಬಹುದು. ಇಲ್ಲವಾದರೆ ಶೇಕಡಾ 5 ಕೂಡ ಜಾಸ್ತಿ.

ಸ್ವಂತ ವೆಬ್‌ಸೈಟ್ ಬಗ್ಗೆ ಕೇಳುವವರೂ ಇದ್ದಾರೆ. ಅಂಥ ಅಂಗಡಿ ಕಟ್ಟಿಕೊಳ್ಳಲು ಶಾಪಿಫೈ, ವೂಕಾಮರ್ಸ್ ಇವೆ. ಶಾಪಿಫೈ ತಿಂಗಳ ಬಾಡಿಗೆ ಕೇಳುತ್ತದೆ. ವೂಕಾಮರ್ಸ್ ಉಚಿತ, ಆದರೆ ಹೋಸ್ಟಿಂಗ್‌ಗೆ, ಅಂದರೆ ಸೈಟ್ ಇಡುವ ಜಾಗಕ್ಕೆ, ನೀವು ಕೊಡಬೇಕು, ಕೆಟ್ಟಾಗ ನೀವೇ ರಿಪೇರಿ ಮಾಡಬೇಕು. ಎರಡರಲ್ಲೂ ಅಂಗಡಿ ಚೆನ್ನಾಗಿ ಕಾಣುತ್ತದೆ, ಮುಂದೆ ರಸ್ತೆಯೇ ಇರುವುದಿಲ್ಲ. ಜನರನ್ನು ಕರೆತರುವ ಒಂದು ದಾರಿ ಇಟ್ಟುಕೊಳ್ಳದೆ ಮೊದಲ ದಿನವೇ ವೆಬ್‌ಸೈಟ್‌ಗೆ ದುಡ್ಡು ಹಾಕಬೇಡಿ.

ಯೂಟ್ಯೂಬ್‌ನಿಂದ ಹೆಚ್ಚಿನ ಆದಾಯ ಅನ್ನುವ ಆಸೆಯೂ ಎಲ್ಲರಿಗೂ ಇದೆ. ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು, ಕಳೆದ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಬೇಕು, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ. ಅದು ದಾಟಿದ ಮೇಲೆ ಉದ್ದದ ವಿಡಿಯೋಗಳ ಜಾಹೀರಾತಿನಲ್ಲಿ ನಮ್ಮ ಪಾಲು ಶೇಕಡಾ 55. ಸಣ್ಣ ವ್ಯಾಪಾರದವರು ಆ ಜಾಹೀರಾತಿನ ದುಡ್ಡಿಗೆ ಕಾಯುತ್ತಾ ಕೂರಬಾರದು ಅಂತ ನನ್ನ ಅಭಿಪ್ರಾಯ. ನಿಮ್ಮ ಚಾನೆಲ್‌ಗೆ 200 ಜನ ಇದ್ದು, ಅವರಲ್ಲಿ ಐದು ಜನ ನಿಮ್ಮ ಸರಕು ಕೊಂಡರೆ ಅದು ಸಾವಿರಾರು ವೀಕ್ಷಣೆಯ ಜಾಹೀರಾತಿಗಿಂತ ದೊಡ್ಡದು.

ನನ್ನ ಅಭಿಪ್ರಾಯ ಇಷ್ಟು ಗಟ್ಟಿಯಾಗಿರುವುದಕ್ಕೆ ಇನ್ನೊಂದು ಕಾರಣ ಇದೆ. ನಾನು ಮೊದಲು ಸೇರಿದ ಆ ಮಾರುಕಟ್ಟೆಯಲ್ಲಿ, ಅದರ ಹೆಸರು ಬೇಡ, ಇಲ್ಲಿ ಹೆಸರಿಸಿದ ಯಾವುದೂ ಅಲ್ಲ, ಒಂದು ದಿನ ನನ್ನ ಖಾತೆ ಮುಚ್ಚಿತು. ಪರಿಶೀಲನೆ ಅಂತ ಒಂದು ಸಾಲಿನ ಮೇಲ್ ಬಂದಿತ್ತು. ಯಾವುದಕ್ಕೆ, ಎಷ್ಟು ದಿನ, ಏನೂ ಇಲ್ಲ. 19 ದಿನ. ಅಷ್ಟೂ ದಿನ ಬರಬೇಕಾದ ಹಣ ಅಲ್ಲೇ ನಿಂತಿತ್ತು, ಕಾಗದದವರಿಗೆ ಕೊಡಬೇಕಾದ ಬಾಕಿ ಇತ್ತು. ನನ್ನನ್ನು ಹೆಚ್ಚು ಕಾಡಿದ್ದು ಹಣ ಅಲ್ಲ. ನನ್ನಿಂದ ಎರಡು ಮೂರು ಸಲ ಕೊಂಡವರಿಗೆ, ಸ್ವಲ್ಪ ತಡವಾಗುತ್ತದೆ, ದಯವಿಟ್ಟು ಕಾಯಿರಿ ಅಂತ ಹೇಳಲು ನನ್ನ ಹತ್ತಿರ ಒಬ್ಬರ ಮೇಲ್ ವಿಳಾಸವೂ ಇರಲಿಲ್ಲ. ಅವರು ನನ್ನ ಗಿರಾಕಿಗಳು ಅಂದುಕೊಂಡಿದ್ದೆ. ಅವರು ಆ ಮಾರುಕಟ್ಟೆಯ ಗಿರಾಕಿಗಳಾಗಿದ್ದರು. ಖಾತೆ ಕೊನೆಗೆ ತೆರೆಯಿತು, ಕಾರಣ ಮಾತ್ರ ಇವತ್ತಿಗೂ ತಿಳಿದಿಲ್ಲ.

ಖಾತೆ ಮುಚ್ಚುವುದು ಒತ್ತಟ್ಟಿಗಿರಲಿ, ಪ್ಲಾಟ್‌ಫಾರ್ಮೇ ಮುಚ್ಚಿಹೋಗಬಹುದು. ಆರು ಸೆಕೆಂಡಿನ ವಿಡಿಯೋಗಳ ವೈನ್ ಒಂದು ಕಾಲಕ್ಕೆ ಎಷ್ಟು ದೊಡ್ಡದಾಗಿತ್ತು! 2016ರ ಅಕ್ಟೋಬರ್‌ನಲ್ಲಿ ನಿಲ್ಲಿಸುತ್ತೇವೆ ಅಂದರು, ಮುಂದಿನ ಜನವರಿಯಲ್ಲಿ ಮುಗಿಯಿತು. ಅಷ್ಟರೊಳಗೆ ತಮ್ಮ ನೋಡುಗರನ್ನು ಯೂಟ್ಯೂಬ್‌ಗೋ ಇನ್‌ಸ್ಟಾಗ್ರಾಂಗೋ ಕರೆದುಕೊಂಡು ಹೋಗಿದ್ದವರು ಉಳಿದರು.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಗಿರಾಕಿಗಳನ್ನು ನಮ್ಮವರನ್ನಾಗಿ ಮಾಡಿಕೊಳ್ಳುವ ಆಸೆಯಲ್ಲಿ ಕೆಲವರು ಪಾರ್ಸೆಲ್ ಒಳಗೆ, ಮುಂದಿನ ಸಲ ನೇರವಾಗಿ ನನ್ನಲ್ಲೇ ಕೊಳ್ಳಿ ಅಂತ ಚೀಟಿ ಇಡುತ್ತಾರೆ. ಬಹಳಷ್ಟು ಮಾರುಕಟ್ಟೆಗಳ ನಿಯಮದಲ್ಲಿ ಅದು ತಪ್ಪು, ಸಿಕ್ಕಿಬಿದ್ದರೆ ಖಾತೆಯೇ ಹೋಗುತ್ತದೆ. ಅವರ ಕಮಿಷನ್ ತಪ್ಪಿಸುವುದು ನ್ಯಾಯವೂ ಅಲ್ಲ, ಅವರು ತಂದ ಗಿರಾಕಿ ಅಲ್ವಾ. ನಾನು ಮಾಡಿದ್ದು ಬೇರೆ. ಪ್ರತಿ ನೋಟ್‌ಬುಕ್‌ನ ಹಿಂದಿನ ರಟ್ಟಿನ ಮೂಲೆಯಲ್ಲಿ ನನ್ನ ಸಣ್ಣ ಗುರುತು ಮತ್ತು ಅಂಗಡಿಯ ಹೆಸರು ಒತ್ತುತ್ತೇನೆ. ನೋಟ್‌ಬುಕ್ ತುಂಬುವಾಗ ಆ ಹೆಸರು ಅವರ ಕಣ್ಣೆದುರೇ ಇರುತ್ತದೆ. ಮತ್ತೆ ಬೇಕೆನಿಸಿದವರು ಅದನ್ನೇ ಹುಡುಕುತ್ತಾರೆ. ನನ್ನ ಪುಟಕ್ಕೆ ಬಂದವರಿಗೆ ಒಂದು ಪ್ಲಾನರ್ ಹಾಳೆ ಉಚಿತವಾಗಿ ಕೊಟ್ಟು, ಇಷ್ಟವಿದ್ದರೆ ಮೇಲ್ ವಿಳಾಸ ಕೊಡಿ ಅನ್ನುತ್ತೇನೆ. ನಿಧಾನವಾಗಿ, ಬಹಳ ನಿಧಾನವಾಗಿ, 340 ಜನರ ಪಟ್ಟಿ ಆಗಿದೆ. ಹೊಸ ಪಾಠ ಹಾಕಿದಾಗ ಮೊದಲು ಕೊಳ್ಳುವವರು ಅವರೇ.

ಹಣ ಯಾವಾಗ ಕೈಗೆ ಬರುತ್ತದೆ ಅನ್ನುವುದನ್ನೂ ಸೇರುವ ಮೊದಲೇ ಓದಿಕೊಳ್ಳಿ. ಫೈವರ್‌ನಲ್ಲಿ ಹೊಸಬರಿಗೆ ಕೆಲಸ ಮುಗಿದ ಮೇಲೆ 14 ದಿನ ಕಾಯುವುದಿದೆ. ಯೂಟ್ಯೂಬ್ ದುಡ್ಡು ಮುಂದಿನ ತಿಂಗಳ 21ರಿಂದ 26ರೊಳಗೆ, ಅದೂ ಒಂದು ಮೊತ್ತ ದಾಟಿದರೆ ಮಾತ್ರ. ಸಂಬಳ ಇರುವವರಿಗೆ ಇದು ದೊಡ್ಡ ವಿಷಯ ಅಲ್ಲ. ಸರಕಿಗೆ ಮೊದಲೇ ದುಡ್ಡು ಹಾಕುವ ವ್ಯಾಪಾರದವರಿಗೆ ದೊಡ್ಡದೇ. ಕೆಲಸ ಕೊಡುತ್ತೇವೆ, ಮೊದಲು ನೀವು ಇಷ್ಟು ಕಟ್ಟಿ ಅನ್ನುವವರನ್ನು ಅಲ್ಲೇ ಬಿಟ್ಟು ಬನ್ನಿ, ಅದರಲ್ಲಿ ಯೋಚಿಸುವಂಥದ್ದು ಏನೂ ಇಲ್ಲ.

ಒಂದೇ ಸಲ ನಾಲ್ಕು ಕಡೆ ಅಂಗಡಿ ತೆರೆಯಬೇಡಿ. ನಾಲ್ಕು ಕಡೆಯ ಸಂದೇಶ, ನಾಲ್ಕು ಕಡೆಯ ದಾಸ್ತಾನು, ಒಂದೇ ನೋಟ್‌ಬುಕ್ ಎರಡು ಕಡೆ ಮಾರಿಹೋಗುವ ಗಾಬರಿ, ಇದೆಲ್ಲ ನಾನು ನೋಡಿದ್ದೇನೆ. ಒಂದನ್ನು ಆರಿಸಿ ಮೂರು ತಿಂಗಳು ಕೊಡಿ. ಆ ಮೂರು ತಿಂಗಳು ಒಂದು ಪುಸ್ತಕದಲ್ಲಿ ಎರಡೇ ಅಂಕಿ ಬರೆಯಿರಿ. ವಾರಕ್ಕೆ ಎಷ್ಟು ಗಂಟೆ ಹೋಯಿತು, ಎಲ್ಲ ಖರ್ಚು ಕಳೆದು ಎಷ್ಟು ಉಳಿಯಿತು. ಫೋಟೋ ತೆಗೆದದ್ದು, ಸಂದೇಶಕ್ಕೆ ಉತ್ತರ ಕೊಟ್ಟದ್ದು, ಪಾರ್ಸೆಲ್ ಕಟ್ಟಿದ್ದು, ಎಲ್ಲವೂ ಗಂಟೆಯ ಲೆಕ್ಕಕ್ಕೆ ಬರಲಿ. ನನ್ನ ಪ್ಲಾನರ್ ಪುಟಗಳು ಮೊದಲ ಎರಡು ತಿಂಗಳು ಏನೂ ತರಲಿಲ್ಲ ಅನ್ನಬಹುದು. ಈಗ ವಾರಕ್ಕೆ ಒಂದು ಗಂಟೆ ಕೆಲಸ, ಕಾಗದ ಮತ್ತು ದಾರದ ತಿಂಗಳ ಖರ್ಚು ಅದರಲ್ಲೇ ನಡೆಯುತ್ತದೆ. ನನಗೆ ಬೇಕಿದ್ದ ಹೆಚ್ಚಿನ ಆದಾಯ ಇದೇ ಆಗಿತ್ತು.

ಮರದ ಆಟಿಕೆ ಮಾಡುವ ಸ್ನೇಹಿತೆಯೊಬ್ಬರು ಹೋದ ತಿಂಗಳು ಇದೇ ವಿಷಯ ಕೇಳಿದರು. ಇರುವ ಆರ್ಡರ್ ಮುಗಿಸಿದ ಮೇಲೆ ವಾರಕ್ಕೆ ಅವರ ಕೈಯಲ್ಲಿ ಉಳಿಯುವುದು ಎರಡು ಗಂಟೆ. ಎರಡು ಗಂಟೆಯಲ್ಲಿ ಇನ್ನೊಂದು ಆಟಿಕೆ ಕೂಡ ಆಗುವುದಿಲ್ಲ. ಆದರೆ ತಮ್ಮ ಆಟಿಕೆಗಳ ಅಳತೆಯ ನಕ್ಷೆಗಳು ಅವರ ಹತ್ತಿರ ಒಂದು ಪೆಟ್ಟಿಗೆ ತುಂಬ ಇವೆ, ಪೆನ್ಸಿಲ್‌ನಲ್ಲಿ ಬರೆದವು. ಮರಗೆಲಸ ಹವ್ಯಾಸ ಇರುವವರು ಅಂಥ ನಕ್ಷೆಗಳನ್ನು ಕೊಳ್ಳುತ್ತಾರೆ ಅಂತ ಹೇಳಿದೆ. ಮೊದಲನೆಯದನ್ನು ಅವರು ಕಂಪ್ಯೂಟರ್‌ನಲ್ಲಿ ಗೀಚಿ ಮೊನ್ನೆ ನನಗೆ ಕಳಿಸಿದ್ದಾರೆ, ಚಕ್ರದ ಅಳತೆ ಒಂದು ಕಡೆ ಬಿಟ್ಟುಹೋಗಿದೆ, ಇವತ್ತು ಸಂಜೆ ಇಬ್ಬರೂ ಕೂತು ಸರಿ ಮಾಡುತ್ತೇವೆ.